ಮಿಕ್ಸರ್‌ನಲ್ಲಿ ಬೆರೆಸಬಾರದ ದನಿಗಳು

ಸಕಲೇಶಪುರ, ಆಲೂರು ಕಡೆಯ ಊರುಗಳಲ್ಲಿ ಮಿಕ್ಸರ್ ಎಂದರೆ ಇವತ್ತಿಗೂ ಮೈಕ್‌ಸೆಟ್ಟಿನವರ ಸಾಮಾನು. ಸುಗ್ಗಿಯಾಗಲಿ, ಜಾತ್ರೆಯಾಗಲಿ, ಗಣಪತಿ ಪೆಂಡಾಲಾಗಲಿ, ಆಂಪ್ಲಿಫೈಯರಿನ ಪಕ್ಕದಲ್ಲಿ ಸಾಲುಗುಂಡಿಗಳ ಪೆಟ್ಟಿಗೆ, ಅದರ ಹಿಂದೆ ಒಬ್ಬ ಹುಡುಗ. ದನಿ ಆಚೆ ದಿಬ್ಬದ ತೋಟದವರೆಗೂ ಮುಟ್ಟಿದರೆ ಅವನ ಕೆಲಸ ಗೆದ್ದಂತೆ. ಈಗ ನಾಲ್ಕರಿಂದ ಎಂಟು ಚಾನೆಲ್ಲಿನ, ಯುಎಸ್‌ಬಿ ವೈರಿನಲ್ಲಿ ಲ್ಯಾಪ್‌ಟಾಪಿಗೆ ಸೇರುವ ಸಣ್ಣ ಮಿಕ್ಸರ್‌ಗಳು ಮನೆಮನೆಗೂ ಬರತೊಡಗಿವೆ. ಅಜ್ಜಿಯ ಸೋಬಾನೆ ಪದ, ಭಜನೆ ಮೇಳದ ಹಾಡು, ಸುಗ್ಗಿಯ ಡೊಳ್ಳು ಇವನ್ನೆಲ್ಲ ಹಿಡಿದಿಡಬೇಕೆಂಬ ಆಸೆ ಹಲವರಿಗಿದೆ. ತೊಡಕು ಎಲ್ಲಿ ಬರುತ್ತದೆಂದರೆ, ಬಳಸುವ ರೀತಿಯನ್ನು ಮಾತ್ರ ಮೈಕ್‌ಸೆಟ್ಟಿನಿಂದಲೇ ಕಲಿತಿರುತ್ತೇವೆ. ನೆರೆದ ಜನಕ್ಕೆ ಕೇಳಿಸುವ ದನಿ ಆ ಕ್ಷಣಕ್ಕೆ ಚೆನ್ನಾಗಿದ್ದರೆ ಸಾಕು. ಉಳಿಸಿಡುವ ದನಿಯ ಲೆಕ್ಕ ಬೇರೆ: ಅಲ್ಲಿ ಕೆಟ್ಟದ್ದನ್ನು ಮುಂದೆ ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡಲಾರದು.

ಹಾಗಾಗಿ ನನ್ನ ವಾದ ಕೊಂಚ ತಿರುಗುಮುರುಗಾಗಿ ಕಾಣಬಹುದು. ಧ್ವನಿಮುದ್ರಣಕ್ಕೆ ಮಿಕ್ಸರ್ ತಂದವರು ಅದರಲ್ಲಿ ಆದಷ್ಟೂ ಬೆರೆಸಬಾರದು.

ಮೊದಲು ಆ ಪೆಟ್ಟಿಗೆಯ ನಿಜವಾದ ಕೆಲಸ ಏನೆಂದು ನೋಡೋಣ. ಹಾಡುವವರು ಕೈಯಲ್ಲಿ ಹಿಡಿಯುವ ಸಾಮಾನ್ಯ ಡೈನಾಮಿಕ್ ಮೈಕಿನಲ್ಲಿ ತೆಳುವಾದ ಪೊರೆಗೆ ಅಂಟಿದ ತಂತಿಸುರುಳಿಯೊಂದು ಅಯಸ್ಕಾಂತದ ನಡುವೆ ಅಲುಗುತ್ತದೆ. ಬಾಯಿ ಹತ್ತಿರವಿಟ್ಟು ಸಾಧಾರಣ ದನಿಯಲ್ಲಿ ಹಾಡಿದರೆ ಅದರಲ್ಲಿ ಹುಟ್ಟುವುದು ಒಂದೆರಡು ಮಿಲಿವೋಲ್ಟ್. ಮುಂದಿನ ಸರ್ಕಿಟ್ಟುಗಳಿಗೆ ಬೇಕಾದದ್ದು ಸುಮಾರು ಒಂದು ವೋಲ್ಟ್. ಅಂದರೆ ಹೆಚ್ಚುಕಡಿಮೆ ಸಾವಿರ ಪಟ್ಟು ಹಿಗ್ಗಿಸಬೇಕು. ಡೆಸಿಬೆಲ್ ಲೆಕ್ಕದಲ್ಲಿ 60. ಈ ಹಿಗ್ಗಿಸುವಿಕೆಯೆಲ್ಲ ನಡೆಯುವುದು ಮೇಲುಗಡೆಯ ‘ಗೇನ್’ ಗುಂಡಿಯ ಹಿಂದಿರುವ ಪ್ರಿಆಂಪ್ಲಿಫೈಯರಿನಲ್ಲಿ. ಕೆಳಗಿನ ಫೇಡರ್ ಹಿಗ್ಗಿದ ದನಿಯನ್ನು ಎಷ್ಟು ಮುಂದೆ ಬಿಡಬೇಕೆಂದು ಹೇಳುತ್ತದೆ, ಅಷ್ಟೆ.

ಹಿಗ್ಗಿಸುವಾಗ ಸದ್ದಿನ ಜತೆ ಗದ್ದಲವೂ ಹಿಗ್ಗುತ್ತದೆ. ಈ ಗದ್ದಲಕ್ಕೆ ಪ್ರಕೃತಿಯೇ ಹಾಕಿಟ್ಟ ತಳ ಒಂದಿದೆ. ಬೆಲ್ ಪ್ರಯೋಗಾಲಯದ ಜಾನ್ಸನ್ ಮತ್ತು ನೈಕ್ವಿಸ್ಟ್ 1928ರಲ್ಲಿ ಪ್ರಕಟಿಸಿದಂತೆ, ಯಾವುದೇ ವಾಹಕದೊಳಗೆ ಎಲೆಕ್ಟ್ರಾನುಗಳು ಶಾಖದಿಂದಾಗಿ ಸದಾ ತುಯ್ದಾಡುತ್ತಿರುತ್ತವೆ, ಆ ತುಯ್ದಾಟವೇ ಒಂದು ಸಣ್ಣ ವೋಲ್ಟೇಜ್. 200 ಓಮ್ ರೋಧದ ಮೈಕಿನಲ್ಲಿ, ನಮ್ಮ ಕಿವಿಗೆ ಕೇಳುವ ವ್ಯಾಪ್ತಿಯಲ್ಲಿ, ಅದು ಹತ್ತಿರಹತ್ತಿರ ಕಾಲು ಮೈಕ್ರೋವೋಲ್ಟ್. ಒಂದು ಮಿಲಿವೋಲ್ಟಿನ ಹಾಡು ಅದಕ್ಕಿಂತ ನಾಲ್ಕು ಸಾವಿರ ಪಟ್ಟು ದೊಡ್ಡದು, ಆದ್ದರಿಂದ ಚಿಂತೆಯಿಲ್ಲ. ಅದೇ ಅಜ್ಜಿ ಮೈಕಿನಿಂದ ನಾಲ್ಕಡಿ ದೂರ ಕೂತು ಮೆಲುದನಿಯಲ್ಲಿ ಹಾಡಿದರೆ? ತೆರೆದ ಜಾಗದಲ್ಲಿ ದೂರ ದುಪ್ಪಟ್ಟಾದಂತೆಲ್ಲ ದನಿ 6 ಡೆಸಿಬೆಲ್ ಇಳಿಯುತ್ತದೆ. ಅರ್ಧ ಅಡಿಯಿಂದ ನಾಲ್ಕಡಿಗೆ ಹೋದರೆ 18. ಗೇನ್ ಏರಿಸಿ ಅದನ್ನು ಸರಿದೂಗಿಸಬಹುದು, ಆದರೆ ‘ಸುಯ್’ ಎನ್ನುವ ಸದ್ದೂ ಅಷ್ಟೇ ಏರುತ್ತದೆ. ಗುಂಡಿ ತಿರುಗಿಸುವುದಕ್ಕಿಂತ ಮೈಕನ್ನು ಹತ್ತಿರಕ್ಕೆ ತರುವುದು ಯಾವಾಗಲೂ ಒಳ್ಳೆಯ ಎಂಜಿನಿಯರಿಂಗ್.

ಗೇನ್ ಹೊಂದಿಸುವ ಕ್ರಮ ಸರಳವಾದರೂ ಅವಸರದಲ್ಲಿ ಮರೆತುಹೋಗುತ್ತದೆ. ಫೇಡರನ್ನೂ ಮುಖ್ಯ ಔಟ್‌ಪುಟ್ಟನ್ನೂ ಸೊನ್ನೆ ಎಂದು ಗುರುತಿರುವಲ್ಲಿಗೆ ತನ್ನಿ. ಬಾಸ್, ಟ್ರೆಬಲ್ ಗುಂಡಿಗಳು ನಡುವಿನಲ್ಲಿರಲಿ. ಹಾಡುವವರಿಗೆ ಇಡೀ ಪದದಲ್ಲಿ ಅತಿ ಏರುದನಿಯ ಸಾಲನ್ನೇ ಹಾಡಲು ಹೇಳಿ, ಕೆಂಪು ದೀಪ ಮಿನುಗುವವರೆಗೆ ಗೇನ್ ಏರಿಸಿ, ಆಮೇಲೆ ಗಣನೀಯವಾಗಿ ಇಳಿಸಿ. ಪರೀಕ್ಷೆಗೆ ಸಂಕೋಚದಿಂದ ಹಾಡಿದವರು ಹಾಡು ಮೈಮೇಲೆ ಬಂದಾಗ ಏರುದನಿಗೆ ಹೋಗಿಯೇ ಹೋಗುತ್ತಾರೆ. ಲ್ಯಾಪ್‌ಟಾಪಿನ ಮೀಟರಿನಲ್ಲಿ ದನಿ ಸರಾಸರಿ ಮೈನಸ್ 18 ಡೆಸಿಬೆಲ್ಲಿನ ಸುತ್ತ ಆಡುತ್ತಿರಲಿ, ಶಿಖರಗಳು ಮೈನಸ್ 6 ದಾಟದಿರಲಿ. ಡಿಜಿಟಲ್ ಲೆಕ್ಕದಲ್ಲಿ ಸೊನ್ನೆಗಿಂತ ಮೇಲೆ ಅಂಕಿಯೇ ಇಲ್ಲ. ಅಲ್ಲಿಗೆ ತಾಗಿದ ಅಲೆಯ ತಲೆ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ. ಇಷ್ಟು ತಗ್ಗಿಸಿಟ್ಟರೆ ಗುಣಮಟ್ಟ ಕಡಿಮೆಯಾಗದೇ ಎಂಬ ಅಳುಕು ಬೇಡ. 16 ಬಿಟ್ಟಿನ ಮುದ್ರಣಕ್ಕೇ ಸುಮಾರು 96 ಡೆಸಿಬೆಲ್ ಹರವಿದೆ, 24 ಬಿಟ್ಟಿಗೆ ಲೆಕ್ಕಪ್ರಕಾರ 144. ಮಲೆನಾಡಿನ ಮನೆಯ ಜಗುಲಿಯಲ್ಲಿ ರಾತ್ರಿಯ ನಿಶ್ಶಬ್ದಕ್ಕೂ ಏರಿದ ಹಾಡಿಗೂ ನಡುವಿನ ಅಂತರ ಅದಕ್ಕಿಂತ ಎಷ್ಟೋ ಕಡಿಮೆ.

ಇನ್ನು ಬೆರೆಸುವ ವಿಚಾರ. ಅಗ್ಗದ ಯುಎಸ್‌ಬಿ ಮಿಕ್ಸರ್‌ಗಳಲ್ಲಿ ಬಹುಪಾಲು, ಎಂಟು ಮೈಕ್ ಸಿಕ್ಕಿಸಿದರೂ ಕಂಪ್ಯೂಟರಿಗೆ ಕಳಿಸುವುದು ಎರಡೇ ಹಾದಿಗಳನ್ನು: ಎಡ ಮತ್ತು ಬಲ. ಕೊಳ್ಳುವ ಮುನ್ನ ಇದನ್ನು ಕೇಳಿ ತಿಳಿದುಕೊಳ್ಳಬೇಕು, ಅಂಗಡಿಯವರು ತಾವಾಗಿ ಹೇಳುವುದು ಅಪರೂಪ. ಡೊಳ್ಳೂ ದನಿಯೂ ಒಂದೇ ಹಾದಿಯಲ್ಲಿ ಸೇರಿಬಿಟ್ಟರೆ, ಪುಡಿಯೊಳಗೆ ಬೆರೆತ ಚಿಕೋರಿಯನ್ನು ಕಾಫಿಯಿಂದ ಆರಿಸಿ ತೆಗೆಯಲಾಗದ ಹಾಗೆ, ಮತ್ತೆ ಪೂರ್ತಿಯಾಗಿ ಬೇರೆ ಮಾಡಲಾಗದು. ಇದಕ್ಕೊಂದು ಹಳೆಯ ಉಪಾಯವಿದೆ. ಪ್ರತಿ ಚಾನೆಲ್ಲಿಗೂ ‘ಪ್ಯಾನ್’ ಗುಂಡಿ ಇರುತ್ತದೆ. ಮುಂದೆ ಹೇಳುವವರ ಮೈಕನ್ನು ಪೂರ್ತಿ ಎಡಕ್ಕೆ, ಸೊಲ್ಲೆತ್ತಿ ಹಿಂದೆ ಹಾಡುವವರ ಮೈಕನ್ನು ಪೂರ್ತಿ ಬಲಕ್ಕೆ ತಿರುಗಿಸಿ. ಆಗ ಸ್ಟೀರಿಯೋ ಫೈಲು ಎರಡು ಸ್ವತಂತ್ರ ಮುದ್ರಣಗಳ ಕಟ್ಟಾಗುತ್ತದೆ. ಕಂಪ್ಯೂಟರಿನಲ್ಲಿ ಬೇರ್ಪಡಿಸಿ, ಬೇಕಾದ ಪ್ರಮಾಣದಲ್ಲಿ ಸಾವಧಾನವಾಗಿ ಸೇರಿಸಿಕೊಳ್ಳಬಹುದು. ಹಾಗೇ ಕೇಳಿದರೆ ವಿಚಿತ್ರವಾಗಿರುತ್ತದೆ, ಒಂದು ಕಿವಿಗೆ ಒಬ್ಬರು, ಇನ್ನೊಂದಕ್ಕೆ ಉಳಿದವರು. ಹೆದರಬೇಕಿಲ್ಲ, ಅದು ಕಚ್ಚಾಮಾಲು.

ಎರಡು ಮೈಕುಗಳನ್ನು ಸ್ಥಳದಲ್ಲೇ ಬೆರೆಸಬಾರದು ಎನ್ನಲು ಇನ್ನೊಂದು ಭೌತಿಕ ಕಾರಣವಿದೆ. ಒಬ್ಬರ ದನಿ ಎರಡಕ್ಕೂ ಕೇಳಿಸುತ್ತದೆ, ಆದರೆ ಏಕಕಾಲಕ್ಕಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ; ಒಂದು ಮೈಕ್ ಇನ್ನೊಂದಕ್ಕಿಂತ 34 ಸೆಂಟಿಮೀಟರ್ ದೂರವಿದ್ದರೆ ಒಂದು ಮಿಲಿಸೆಕೆಂಡ್ ತಡ. ಇವೆರಡನ್ನೂ ಕೂಡಿಸಿದಾಗ 500, 1500, 2500 ಹರ್ಟ್ಸಿನ ಹತ್ತಿರ ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಪರಸ್ಪರ ಅಳಿಸಿಕೊಳ್ಳುತ್ತವೆ. ಇವು ಮನುಷ್ಯರ ಮಾತಿನ ಜೀವಾಳದ ಜಾಗಗಳೇ. ದನಿ ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗುವುದು ಹೀಗೆ. ಬಾಯಿಗೂ ಮೈಕಿಗೂ ಇರುವ ದೂರದ ಮೂರು ಪಟ್ಟಾದರೂ ಮೈಕುಗಳ ನಡುವೆ ಇರಲಿ ಎಂದು ಧ್ವನಿಗ್ರಾಹಕರು ಹೇಳುವುದು ಈ ಕಾರಣಕ್ಕೆ. ಆಗ ಪಕ್ಕದವರ ದನಿ 9 ಡೆಸಿಬೆಲ್‌ಗಿಂತ ಹೆಚ್ಚು ತಗ್ಗಿ ಒಳಬರುತ್ತದೆ. ಸುಗ್ಗಿಯಲ್ಲಿ ಸುತ್ತುಗಟ್ಟಿ ಕುಣಿಯುವವರಿಗೆ ಈ ನಿಯಮ ಹೇಳಿ ಪ್ರಯೋಜನವಿಲ್ಲ. ಅಂಥ ಕಡೆ ನಾಲ್ಕಾರು ಮೈಕ್ ನೆಡುವ ಬದಲು ಒಂದೇ ಜಾಗದಲ್ಲಿ ಒತ್ತೊತ್ತಾಗಿ ಎರಡನ್ನು ನಿಲ್ಲಿಸಿ, ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಮುಖಮಾಡಿಸುವುದು ಮೇಲು. ದನಿ ಹತ್ತಿರ ಬರುವುದು, ದೂರ ಸರಿಯುವುದು ಆ ಕುಣಿತದ್ದೇ ಗುಣ, ಅದೂ ದಾಖಲಾಗಲಿ.

ಗೇನ್ ಗುಂಡಿಯ ಪಕ್ಕ ‘ಲೋ ಕಟ್’ ಎಂಬ ಸಣ್ಣ ಸ್ವಿಚ್ಚು ಸಾಮಾನ್ಯ. ಅದನ್ನೊತ್ತಿದರೆ 75ರಿಂದ 100 ಹರ್ಟ್ಸಿಗಿಂತ ಕೆಳಗಿನ ಸದ್ದೆಲ್ಲ ಇಳಿಯುತ್ತದೆ. ಹೆಂಗಸರ ದನಿಗೆ ಅಲ್ಲೇನೂ ಕೆಲಸವಿಲ್ಲ, ಮೈಕಿನ ಸ್ಟ್ಯಾಂಡಿಗೆ ಕಾಲು ತಾಗಿದ ಧಡಧಡ, ಗುಡ್ಡದ ಗಾಳಿಯ ಗುಡುಗುಟ್ಟುವಿಕೆ ಅಲ್ಲಿರುತ್ತವೆ. ಹಾಡಿನ ಮೈಕಿಗೆ ಒತ್ತಿ. ಡೊಳ್ಳಿನ ಮೈಕಿಗೆ ಬೇಡ, ಅದರ ಎದೆಗೆ ತಾಗುವ ಭಾಗವೇ ಆ ಕೆಳಗಿನದು. ಈ ಸೀಮೆಯಲ್ಲಿ ಅದಕ್ಕೂ ಕೆಳಗೆ ಮಾತಾಡುವವರು ಇನ್ನೊಬ್ಬರಿದ್ದಾರೆ: ಆನೆಗಳು. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದ ಏಷ್ಯಾ ಆನೆಗಳ ಹತ್ತಿರ ಕೂತಿದ್ದ ಪ್ರಾಣಿಧ್ವನಿ ಸಂಶೋಧಕಿ ಕೇಟಿ ಪೇನ್ ಅವರಿಗೆ ಗಾಳಿಯಲ್ಲಿ ಏನೋ ಅದುರಿದಂತೆ ಅನ್ನಿಸಿತು. ಮುದ್ರಿಸಿ ನೋಡಿದಾಗ ಆನೆಗಳು 14ರಿಂದ 24 ಹರ್ಟ್ಸಿನಲ್ಲಿ ಕರೆಯುತ್ತಿದ್ದವು. ಅವರ ತಂಡ 1986ರಲ್ಲಿ ಅದನ್ನು ಪ್ರಕಟಿಸಿತು. 20 ಹರ್ಟ್ಸಿನ ಅಲೆ 17 ಮೀಟರ್ ಉದ್ದದ್ದು, ಕಾಡಿನ ಮರಗಳು ಅದಕ್ಕೆ ಹೆಚ್ಚು ಅಡ್ಡಿಯಾಗವು. ಆನೆ ತಜ್ಞ ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಾಗ ಆಲೂರು, ಸಕಲೇಶಪುರದ ಆನೆಗಳದ್ದೇ ಒಂದು ದೊಡ್ಡ ಪ್ರಶ್ನೆಯಾಗಿತ್ತು. ಈಗಲೂ ಸಂಜೆಯಾದರೆ ತೋಟದ ದಾರಿಯಲ್ಲಿ ಅದೇ ಮಾತು. ಹಾಡಿನ ಸಾಮಾನ್ಯ ಮೈಕು 50 ಹರ್ಟ್ಸಿನ ಕೆಳಗೆ ಬಹುಮಟ್ಟಿಗೆ ಕಿವುಡು, ಲೋ ಕಟ್ ಒತ್ತಿದರಂತೂ ಮುಗಿಯಿತು. ಬೇಲಿಯಾಚೆ ನಿಂತ ಹಿಂಡಿನ ಸಂಭಾಷಣೆ ನಮ್ಮ ಫೈಲಿನಲ್ಲಿ ಬರುವುದಿಲ್ಲ.

ಕರೆಂಟಿನ ತಾಪತ್ರಯ ಬೇರೆ. ಹೆಡ್‌ಫೋನಿನಲ್ಲಿ ಕೇಳುವ ‘ಹೂಂ’ ಎಂಬ ಸದ್ದು ನಮ್ಮ 50 ಹರ್ಟ್ಸ್ ವಿದ್ಯುತ್ತಿನದು. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ವೈರಿನಲ್ಲಿ ಒಂದೇ ದನಿ ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಸಾಗುತ್ತದೆ. ಹೊರಗಿನ ಹೂಂಕಾರ ಮಾತ್ರ ಎರಡಕ್ಕೂ ಸಮನಾಗಿ ನುಗ್ಗುತ್ತದೆ. ಮಿಕ್ಸರ್ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಹೂಂಕಾರ ಕಳೆದುಹೋಗುತ್ತದೆ. ಮೈಕ್‌ಸೆಟ್ಟಿನ ಹಳೆಯ ದಪ್ಪ ಪಿನ್ನಿನ ವೈರಿಗೆ ಈ ಅನುಕೂಲವಿಲ್ಲ. ಲ್ಯಾಪ್‌ಟಾಪ್, ಮಿಕ್ಸರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಬೇರೆಬೇರೆ ಗೋಡೆಯ ಪ್ಲಗ್ಗಿಗೆ ಹಾಕಿದರೆ ಎರಡು ಅರ್ಥಿಂಗ್ ದಾರಿಗಳು ಸೇರಿ ಬಳೆಯಾಗಿ, ಅದರಿಂದಲೇ ಹೂಂಕಾರ ಹುಟ್ಟುತ್ತದೆ. ಹಾಗೆಂದು ಸದ್ದು ನಿಲ್ಲಿಸಲು ಅರ್ಥಿಂಗ್ ಪಿನ್ನನ್ನೇ ಕಿತ್ತುಹಾಕುವ ಚಾಳಿ ಜೀವಕ್ಕೆ ಅಪಾಯ. ಮಳೆಗಾಲದಲ್ಲಿ ಕರೆಂಟು ಹೋದಾಗ ಅಗ್ಗದ ಇನ್ವರ್ಟರ್ ಕೊಡುವ ಅಲೆ ನಯವಾದದ್ದಲ್ಲ, ಚೌಕಚೌಕ. ಅದರಿಂದ 150, 250, 350 ಹರ್ಟ್ಸುಗಳಲ್ಲಿ ಕೊರೆಯುವ ಸದ್ದು ಹುಟ್ಟುತ್ತದೆ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿ, ಮಿಕ್ಸರಿನಲ್ಲಿ ಪವರಿಗೆಂದೇ ಬೇರೆ ಯುಎಸ್‌ಬಿ ಕಿಂಡಿ ಇದ್ದರೆ ಅದನ್ನು ಪವರ್ ಬ್ಯಾಂಕಿಗೆ ಹಾಕಿ. ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟಿನ ಫ್ಯಾಂಟಮ್ ಪವರನ್ನು ಸಾಮಾನ್ಯವಾಗಿ ಮಿಕ್ಸರೇ ಒದಗಿಸುತ್ತದೆ. ಅದನ್ನು ಆನ್ ಮಾಡುವಾಗ ಫೇಡರ್ ಕೆಳಗಿರಲಿ, ಇಲ್ಲವಾದರೆ ಹೆಡ್‌ಫೋನಿನಲ್ಲಿ ಕಿವಿಗೇ ಗುಂಡು ಹೊಡೆದಂತಾಗುತ್ತದೆ.

ಆದರೆ ಕಂಡೆನ್ಸರ್ ಮೈಕಿಗೂ ಮಲೆನಾಡಿಗೂ ಅಷ್ಟಾಗಿ ಆಗಿಬರುವುದಿಲ್ಲ. ಅದರ ಪೊರೆಗೂ ಹಿಂದಿನ ತಗಡಿಗೂ ನಡುವಿನ ಸಂದು ಮಿಲಿಮೀಟರಿನ ಸಣ್ಣ ಭಾಗ. ಆಷಾಢದ ತೇವ ಅಲ್ಲಿ ಸೇರಿದರೆ ಪಟಪಟ ಎನ್ನುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡಬೇಕು. ಫೇಡರ್‌ಗಳೂ ಇದೇ ತೇವಕ್ಕೆ ಕರಕರ ಎನ್ನತೊಡಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮೇಲೆ, ಅದಕ್ಕಿಂತ ಜೋರಾಗಿ ಜಿಂಕ್ ಶೀಟಿನ ಮೇಲೆ, ಸುರಿವ ಮಳೆಯ ಸದ್ದು ಎಲ್ಲ ಕಂಪನಾಂಕಗಳಲ್ಲೂ ಹರಡಿರುವುದರಿಂದ ಅದನ್ನು ಯಾವ ಗುಂಡಿಯಿಂದಲೂ ಕತ್ತರಿಸಲಾಗದು. ಮುದ್ರಣಕ್ಕೆ ಒಳ್ಳೆಯ ಕಾಲ ಕಾಫಿ ಕುಯ್ಲು ಮುಗಿದ ಮೇಲಿನದು: ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೋಟಾರ್ ನಿಂತಿರುತ್ತದೆ, ಹಾಡುವವರಿಗೆ ಬಿಡುವಿರುತ್ತದೆ. ಇನ್ನೂ ಒಂದು ಲಾಭವಿದೆ. ಗೋಣಿಚೀಲಗಳಲ್ಲಿ ಕಾಫಿ ತುಂಬಿ ಅಟ್ಟಿ ಹಾಕಿದ ಗೋದಾಮು, ನನ್ನ ಲೆಕ್ಕದಲ್ಲಿ, ಈ ತಾಲ್ಲೂಕುಗಳ ಅತ್ಯುತ್ತಮ ಸ್ಟುಡಿಯೋ. ಗೋಣಿಯ ಒರಟು ನೇಯ್ಗೆ, ಬೀಜಗಳ ನಡುವಿನ ಸಂದುಗಳು ಏರುಸ್ವರದ ಪ್ರತಿಧ್ವನಿಯನ್ನು ಹೀರುತ್ತವೆ. ಅಟ್ಟಿಯ ಏರುತಗ್ಗು ಉಳಿದದ್ದನ್ನು ಚದುರಿಸುತ್ತದೆ. ಗಾರೆ ನೆಲ, ಬೋಳು ಗೋಡೆಯ ಹೊಸ ಹಾಲಿಗಿಂತ ಅಲ್ಲಿ ಪದ ಬಿಡಿಬಿಡಿಯಾಗಿ ಕೇಳುತ್ತದೆ. ಧೂಳು ಮಾತ್ರ ಗುಡಿಸಿಕೊಳ್ಳಬೇಕು.

2006ರಲ್ಲಿ ತೀರಿಕೊಂಡ, ಜಾನಪದ ಜಂಗಮರೆಂದೇ ಹೆಸರಾದ ಎಸ್.ಕೆ. ಕರೀಂಖಾನರು ಇದೇ ಸಕಲೇಶಪುರದವರು. ಊರೂರು ಅಲೆದು ಪದ ಕೂಡಿಸಿದ ಅವರ ತಲೆಮಾರಿಗೆ ಇದ್ದದ್ದು ಹೆಚ್ಚಾಗಿ ಕಿವಿ, ನೆನಪು ಮತ್ತು ಪೆನ್ನು. ಅವುಗಳಿಂದ ಸಾಹಿತ್ಯ ಉಳಿಯಿತು. ಹಾಡುಗಾರ್ತಿ ಉಸಿರು ಎಳೆದುಕೊಂಡ ಜಾಗ, ಎರಡನೇ ಸಾಲಿಗೆ ಏರಿದ ಶ್ರುತಿ ಬರಹಕ್ಕೆ ಒಗ್ಗುವಂಥವಲ್ಲ. ಅವನ್ನು ಹಿಡಿಯುವ ಉಪಕರಣ ಈಗ ಒಂದು ಸಾಧಾರಣ ಮೊಬೈಲಿನ ಬೆಲೆಗೆ ಸಿಗುತ್ತದೆ.

ಮುದ್ರಿಸುವವರಲ್ಲಿ ಒಂದು ವಿನಂತಿ. ಮೊದಲು ಹಾಡುವವರ ಒಪ್ಪಿಗೆ ಕೇಳಿ. ಮುದ್ರಣದ ಶುರುವಿನಲ್ಲೇ ಅವರ ಹೆಸರು, ಊರು, ಪದವನ್ನು ಯಾರಿಂದ ಕಲಿತರು, ಆ ದಿನದ ತಾರೀಕು ಇಷ್ಟನ್ನೂ ಅವರ ಬಾಯಲ್ಲೇ ಹೇಳಿಸಿ. ಎಡಬಲ ಬೇರೆಯಾಗಿರುವ ಕಚ್ಚಾ ಫೈಲನ್ನು ಎಂಪಿ3 ಮಾಡದೆ ವೇವ್ ರೂಪದಲ್ಲೇ ಎರಡು ಬೇರೆ ಡಿಸ್ಕುಗಳಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ಚೆಂದ ಮಾಡಿದ ಪ್ರತಿಯನ್ನು ವಾಟ್ಸ್ಆ್ಯಪಿನಲ್ಲಿ ಹಂಚಿಕೊಳ್ಳಿ, ಕಚ್ಚಾ ಫೈಲನ್ನು ಮಾತ್ರ ಅಳಿಸಬೇಡಿ.