ಉದ್ದಕ್ಕೆ ಮೆದು, ಸುತ್ತಲೂ ಗಟ್ಟಿ: ಮಡಚದ ನೀರಿನ ಪೈಪಿನ ವಿದ್ಯೆ

ಗಿಡಗಳಿಗೆ ನೀರು ಹಾಯಿಸುವ ಪೈಪಿನಿಂದ ನಾವು ಎರಡು ಗುಣಗಳನ್ನು ಒಟ್ಟಿಗೆ ಬಯಸುತ್ತೇವೆ. ತುಳಸಿಕಟ್ಟೆಯನ್ನು ಬಳಸಿ, ಕುಂಡಗಳ ಸಂದಿಯಲ್ಲಿ ನುಸುಳಿ, ಮೆಟ್ಟಿಲಿಳಿದು ಹಿತ್ತಿಲಿನ ಬಾಳೆಗಿಡದವರೆಗೆ ಅದು ಎಳೆದತ್ತ ಬರಬೇಕು. ಬರುವ ದಾರಿಯಲ್ಲಿ ಎಲ್ಲಿಯೂ ಮಡಚಿಕೊಂಡು ನೀರು ಕಟ್ಟಬಾರದು. ಮೊದಲನೆಯದಕ್ಕೆ ಮೆದುತನ ಬೇಕು, ಎರಡನೆಯದಕ್ಕೆ ಗಟ್ಟಿತನ. ಮೇಲುನೋಟಕ್ಕೆ ಇವೆರಡೂ ಒಂದೇ ಕಡೆ ನಿಲ್ಲುವಂಥವಲ್ಲ. ಆದರೂ ಎರಡನ್ನೂ ಒಂದೇ ಕೊಳವೆಯಲ್ಲಿ ಕೂಡಿಸುವ ಪ್ರಯತ್ನ ಸುಮಾರು ಮುನ್ನೂರೈವತ್ತು ವರ್ಷಗಳಿಂದ ನಡೆದುಬಂದಿದೆ. ಚಿತ್ರಕಾರ, ಚರ್ಮದ ಕುಶಲಿ, ರಸಾಯನವಿಜ್ಞಾನಿ, ಗಣಿತ ಬಲ್ಲ ಎಂಜಿನಿಯರ್ ಎಲ್ಲರೂ ಅದರಲ್ಲಿ ದುಡಿದಿದ್ದಾರೆ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಅಳೆದು ಕೊಡುವ ಈ ಸುರುಳಿಯೊಳಗಿನ ವಿದ್ಯೆ ತಿಳಿದುಕೊಳ್ಳಲು ಯೋಗ್ಯವಾದದ್ದು.

ಬೆಂಕಿ ಬಿದ್ದ ಬೀದಿಯಲ್ಲಿ ಹುಟ್ಟು

ಬಾಗುವ ಪೈಪು ಮೊದಲು ಬೇಕಾದದ್ದು ಬೆಂಕಿ ಆರಿಸುವವರಿಗೆ. 17ನೇ ಶತಮಾನದ ಆಮ್‌ಸ್ಟರ್‌ಡ್ಯಾಮಿನಲ್ಲಿ ಯಾನ್ ವಾನ್ ಡರ್ ಹೇಡೆನ್ ಎಂಬ ಚಿತ್ರಕಾರನಿದ್ದ. ಊರಿನ ಕಾಲುವೆ, ಇಟ್ಟಿಗೆಯ ಮನೆ, ಚೌಕಗಳನ್ನು ಸೂಕ್ಷ್ಮವಾಗಿ ಬಿಡಿಸುವುದರಲ್ಲಿ ಆತನದು ದೊಡ್ಡ ಹೆಸರು. ಆ ಕಾಲದ ಬೆಂಕಿಪಂಪುಗಳ ಕೊಳವೆ ಪಂಪಿಗೇ ಬಿಗಿದುಕೊಂಡಿರುತ್ತಿತ್ತು. ಬೀದಿಯಲ್ಲಿ ನಿಂತು ದೂರದಿಂದ ನೀರು ಎರಚುವುದಷ್ಟೇ ಸಾಧ್ಯವಿತ್ತು. ಯಾನ್ ಮತ್ತು ಆತನ ಸಹೋದರ ನಿಕೊಲಾಸ್ 1670ರ ದಶಕದಲ್ಲಿ ಚರ್ಮವನ್ನು ಕೊಳವೆಯಾಗಿ ಹೊಲಿದು ಪಂಪಿಗೆ ಜೋಡಿಸಿದರು. ಅದನ್ನು ಹಿಡಿದು ಮೆಟ್ಟಿಲು ಹತ್ತಿ ಉರಿಯುವ ಕೋಣೆಯ ಹತ್ತಿರಕ್ಕೇ ಹೋಗುವಂತಾಯಿತು. ಈ ಪಂಪು, ಪೈಪುಗಳ ಬಗ್ಗೆ 1690ರಲ್ಲಿ ಯಾನ್ ಪ್ರಕಟಿಸಿದ ಸಚಿತ್ರ ಪುಸ್ತಕ ಇಂದಿಗೂ ಉಳಿದಿದೆ.

ಚರ್ಮ ಒಣಗಿದರೆ ಬಿರಿಯುತ್ತಿತ್ತು, ಹೊಲಿಗೆಯಲ್ಲಿ ನೀರು ಸೋರುತ್ತಿತ್ತು. 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಕುಶಲಿಗಳು ಹೊಲಿಗೆಯ ಬದಲು ತಾಮ್ರದ ರಿವೆಟ್ ಹೊಡೆದು ಸೋರಿಕೆ ತಗ್ಗಿಸಿದರು. ನಿಜವಾದ ಬದಲಾವಣೆ ತಂದದ್ದು ರಬ್ಬರು. ಹಸಿ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಸೆಡೆತುಕೊಳ್ಳುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಆ ದೋಷ ನೀಗುತ್ತದೆಂದು ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡು 1844ರಲ್ಲಿ ಪೇಟೆಂಟ್ ಪಡೆದ. 1870ರಲ್ಲಿ ಓಹಾಯೋದ ಆಕ್ರನ್ ಪಟ್ಟಣದಲ್ಲಿ ಶುರುವಾದ ಬಿ.ಎಫ್. ಗುಡ್‌ರಿಚ್ ಕಂಪನಿಯ ಮೊದಮೊದಲ ಸರಕುಗಳಲ್ಲಿ ಒಳಗೆ ರಬ್ಬರು, ಹೊರಗೆ ಹತ್ತಿಯ ನೇಯ್ಗೆ ಇದ್ದ ಬೆಂಕಿಪೈಪು ಸೇರಿತ್ತು. ನೀರನ್ನು ಹಿಡಿದಿಡಲು ಒಂದು ಪದರ, ಒತ್ತಡವನ್ನು ತಡೆಯಲು ಇನ್ನೊಂದು ಎಂಬ ಆ ಹಂಚಿಕೆಯೇ ಇಂದಿನ ಪೈಪಿಗೂ ಆಧಾರ.

ಅದೇ ಕಂಪನಿಯ ವಾಲ್ಡೊ ಸೆಮನ್ 1926ರಲ್ಲಿ ರಬ್ಬರನ್ನು ಲೋಹಕ್ಕೆ ಅಂಟಿಸುವ ಅಂಟನ್ನು ಹುಡುಕುತ್ತಿದ್ದ. ಆಗ ಯಾರಿಗೂ ಬೇಡವಾಗಿದ್ದ ಪಿವಿಸಿ ಎಂಬ ಪ್ಲಾಸ್ಟಿಕ್ಕನ್ನು ಹೆಚ್ಚು ಬಿಸಿಗೆ ಕುದಿಯುವ ದ್ರಾವಕದಲ್ಲಿ ಕಾಯಿಸಿದಾಗ ಅಂಟು ಸಿಗಲಿಲ್ಲ. ಬಗ್ಗುವ, ಪುಟಿಯುವ ಹೊಸ ವಸ್ತುವೊಂದು ಸಿಕ್ಕಿತು. ಇಂದು ನಮ್ಮ ಅಂಗಳಗಳಲ್ಲಿರುವ ಬಹುಪಾಲು ಪೈಪುಗಳು ಈ ಮೆದು ಪಿವಿಸಿಯವು.

ಮಡಿಕೆ ಬೀಳುವುದೇಕೆ?

ಪಪ್ಪಾಯಿ ಎಲೆಯ ಟೊಳ್ಳು ತೊಟ್ಟನ್ನು ಬಗ್ಗಿಸಿ ನೋಡಿದವರಿಗೆ ಇದು ಗೊತ್ತು: ಸ್ವಲ್ಪ ದೂರದವರೆಗೆ ಅದು ಚೆನ್ನಾಗಿ ಬಾಗುತ್ತದೆ, ಆಮೇಲೆ ಒಂದೇ ಕಡೆ ಥಟ್ಟನೆ ಕುಸಿಯುತ್ತದೆ. ಪೈಪಿನಲ್ಲಿ ಆಗುವುದೂ ಅದೇ. ಬಾಗುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. 18 ಮಿಲಿಮೀಟರ್ ಹೊರವ್ಯಾಸದ ಪೈಪನ್ನು 10 ಸೆಂಟಿಮೀಟರ್ ತ್ರಿಜ್ಯದ ತಿರುವಿನಲ್ಲಿ ಬಗ್ಗಿಸಿದರೆ ಹೊರಮೈ ನೂರಕ್ಕೆ 9ರಷ್ಟು ಉದ್ದವಾಗಬೇಕು, ಒಳಮೈ ಅಷ್ಟೇ ಗಿಡ್ಡವಾಗಬೇಕು. ಈ ಎಳೆತವೂ ಒತ್ತುವಿಕೆಯೂ ಎರಡೂ ಗೋಡೆಗಳನ್ನು ನಡುವಿನತ್ತ ತಳ್ಳುತ್ತವೆ. ದುಂಡಗಿದ್ದ ಕೊಳವೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಚಪ್ಪಟೆಯಾದಷ್ಟೂ ಬಾಗಿಸುವುದು ಸುಲಭ, ಬಾಗಿದಷ್ಟೂ ಇನ್ನಷ್ಟು ಚಪ್ಪಟೆ. ಒಂದು ಹಂತ ದಾಟಿದ ಮೇಲೆ ಪೈಪಿಗೆ ತಡೆಯುವ ಶಕ್ತಿ ಇರುವುದಿಲ್ಲ.

ಈ ಹಂತವನ್ನು ಲೆಕ್ಕ ಹಾಕಿ ತೋರಿಸಿದವನು ಎಲ್.ಜಿ. ಬ್ರೇಜಿಯರ್. 1927ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವನ ಲೇಖನ ಬಂತು. ತೆಳುಗೋಡೆಯ ಉದ್ದನೆಯ ಕೊಳವೆಯ ಅಡ್ಡಳತೆ ಒಂಬತ್ತರಲ್ಲಿ ಎರಡು ಪಾಲು ಕುಗ್ಗಿದಾಗ ಅದರ ತಾಳಿಕೆ ತುತ್ತತುದಿ ಮುಟ್ಟುತ್ತದೆ, ಅಲ್ಲಿಂದ ಮುಂದೆ ಕುಸಿತ ಎಂಬುದು ಅದರ ಸಾರ. ಆ ಗಣಿತ ಪೈಪು ಮಾಡುವವರಿಗೆ ಎರಡು ಮಾತು ಹೇಳಿಕೊಡುತ್ತದೆ. ಗೋಡೆಯನ್ನು ಎರಡು ಪಟ್ಟು ದಪ್ಪ ಮಾಡಿದರೆ ಪೈಪು ಎರಡು ಪಟ್ಟು ಬಿಗಿಯಾದ ತಿರುವನ್ನು ತಾಳುತ್ತದೆ. ಗೋಡೆಯನ್ನು ಅಷ್ಟೇ ಇಟ್ಟು ವ್ಯಾಸವನ್ನು ಇಮ್ಮಡಿಸಿದರೆ ತಿರುವಿನ ತ್ರಿಜ್ಯ ನಾಲ್ಕು ಪಟ್ಟು ಅಗಲವಾಗಬೇಕು. ಅರ್ಧ ಇಂಚಿನ ಪೈಪಿಗಿಂತ ಒಂದು ಇಂಚಿನದು ಬೇಗ ಮಡಚಿಕೊಳ್ಳುವುದಕ್ಕೆ ಕಾರಣ ಇದು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಎಲ್ಲ ದಿಕ್ಕಿಗೂ ಒಂದೇ ಗುಣವಿರುವ ವಸ್ತುವಾದರೆ, ಯಾವ ತಿರುವಿನಲ್ಲಿ ಕೊಳವೆ ಕುಸಿಯುತ್ತದೆ ಎಂಬ ಲೆಕ್ಕದಲ್ಲಿ ಆ ವಸ್ತು ಎಷ್ಟು ಗಡಸು ಎಂಬುದು ಬರುವುದೇ ಇಲ್ಲ. ಮೆದು ಕೊಳವೆಯೂ ಗಡಸು ಕೊಳವೆಯೂ ಒಂದೇ ಅಳತೆಯವಾದರೆ ಒಂದೇ ತಿರುವಿನಲ್ಲಿ ಕುಸಿಯುತ್ತವೆ. ಬೇಕಾಗುವ ಬಲ ಮಾತ್ರ ಬೇರೆ. ಮಡಿಕೆಯನ್ನು ನಿರ್ಧರಿಸುವುದು ಆಕಾರ. ಹಾಗಾಗಿ ಪೈಪನ್ನು ಇಡಿಯಾಗಿ ಗಡಸು ಮಾಡುವುದರಿಂದ ಲಾಭವಿಲ್ಲ. ಉದ್ದಕ್ಕೆ ಮೆದುವಾಗಿಟ್ಟು ಸುತ್ತಳತೆಯಲ್ಲಿ ಮಾತ್ರ ಗಟ್ಟಿ ಮಾಡಿದರೆ ಬಾಗುವ ಗುಣವೂ ಉಳಿಯುತ್ತದೆ, ದುಂಡು ಆಕಾರವೂ ಉಳಿಯುತ್ತದೆ. ಒಳ್ಳೆಯ ಪೈಪಿನ ವಿನ್ಯಾಸವೆಲ್ಲ ಈ ಒಂದು ಸೂತ್ರದ ಸುತ್ತ ನಡೆಯುತ್ತದೆ.

ನೂಲಿನ ಓರೆ

ಪಾರದರ್ಶಕ ಪೈಪನ್ನು ಬೆಳಕಿಗೆ ಹಿಡಿದರೆ ಗೋಡೆಯೊಳಗೆ ಬಿಳಿ ನೂಲಿನ ಜಾಲ ಕಾಣುತ್ತದೆ. ಅದು ಪಾಲಿಯೆಸ್ಟರ್ ನೂಲು. ಅದರ ಓರೆಯ ಹಿಂದೆ ಲೆಕ್ಕವಿದೆ. ನೀರಿನ ಒತ್ತಡ ಪೈಪನ್ನು ಉದ್ದಕ್ಕೆ ಎಳೆಯುವುದಕ್ಕಿಂತ ಎರಡು ಪಟ್ಟು ಹೆಚ್ಚು ಬಲದಿಂದ ಸುತ್ತಲೂ ಹಿಗ್ಗಿಸಲು ನೋಡುತ್ತದೆ. ನೂಲು ಪೈಪಿನ ಉದ್ದಕ್ಕೆ 54.7 ಡಿಗ್ರಿ ಓರೆಯಲ್ಲಿದ್ದರೆ ಈ ಎರಡೂ ಬಲಗಳಿಗೆ ಸರಿಸಮನಾಗಿ ಎದುರು ನಿಲ್ಲುತ್ತದೆ. ಓರೆ ಅದಕ್ಕಿಂತ ಕಡಿಮೆಯಾದರೆ ನಲ್ಲಿ ತಿರುಗಿಸಿದೊಡನೆ ಪೈಪು ಉಬ್ಬಿ ಗಿಡ್ಡವಾಗುತ್ತದೆ. ಹೆಚ್ಚಾದರೆ ಸಣಕಲಾಗಿ ಉದ್ದವಾಗುತ್ತದೆ. 1950ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಮೆಕಿಬ್ಬನ್ ಪೋಲಿಯೊದಿಂದ ಕೈ ಸೋತ ತನ್ನ ಮಗಳಿಗಾಗಿ ಗಾಳಿ ತುಂಬಿದಾಗ ಗಿಡ್ಡವಾಗಿ ಎಳೆಯುವ ಕೃತಕ ಸ್ನಾಯುವನ್ನು ಬೆಳೆಸಿದ್ದು ಇದೇ ಗುಣವನ್ನು ಬಳಸಿಕೊಂಡು. ಸ್ನಾಯುವಿಗೆ ಬೇಕಾದ ಆ ಚಲನೆ ತೋಟದ ಪೈಪಿಗೆ ಬೇಡ. ಪೈಪು ಒತ್ತಡದಲ್ಲಿ ಇದ್ದಲ್ಲೇ ಇರಬೇಕು.

ನೂಲು ಕೂರಿಸುವ ಬಗೆ ಮೂರು. ಎರಡು ದಿಕ್ಕಿನಲ್ಲಿ ಒಂದರ ಮೇಲೊಂದು ಸುರುಳಿ ಸುತ್ತುವುದು ಅಗ್ಗ, ವೇಗ. ಜಡೆಯಂತೆ ಹೆಣೆದದ್ದು ಹೆಚ್ಚು ಒತ್ತಡ ತಾಳುತ್ತದೆ. ಮೂರನೆಯದು ಸ್ವೆಟರಿನಂತೆ ಕುಣಿಕೆ ಹಾಕಿ ಹೆಣೆಯುವ ಕ್ರಮ. ಕುಣಿಕೆಗಳೆಲ್ಲ ಒಂದೇ ಕಡೆ ವಾಲಿದರೆ ನೀರು ಬಿಟ್ಟಾಗ ಪೈಪು ತಾನಾಗಿ ನುಲಿಯುತ್ತದೆ, ಆ ನುಲಿಕೆಯೇ ಮಡಿಕೆಗೆ ದಾರಿಯಾಗುತ್ತದೆ. ಕುಣಿಕೆಗಳನ್ನು ಎದುರುಬದುರು ವಾಲುವಂತೆ ಹೆಣೆದರೆ ಒಂದರ ನುಲಿಕೆಯನ್ನು ಇನ್ನೊಂದು ಅಳಿಸುತ್ತದೆ. ನುಲಿಯದ ಪೈಪು ಎಂದು ಹೆಚ್ಚಿನ ಬೆಲೆಗೆ ಮಾರುವ ಹಲವು ಪೈಪುಗಳಲ್ಲಿ ಇಂಥ ಹೆಣಿಗೆ ಇರುತ್ತದೆ.

ಕಾರ್ಖಾನೆಯ ಸಾಲು

ತಯಾರಿಕೆ ಶುರುವಾಗುವುದು ಬಿಳಿ ಪಿವಿಸಿ ಪುಡಿಯಿಂದ. ಅದಕ್ಕೆ ಮೆದುಗೊಳಿಸುವ ಎಣ್ಣೆಯಂಥ ದ್ರವ, ಬಿಸಿಗೆ ಕೆಡದಂತೆ ಕಾಯುವ ಪದಾರ್ಥ, ಬಣ್ಣ, ಸ್ವಲ್ಪ ಸುಣ್ಣಕಲ್ಲಿನ ಪುಡಿ ಸೇರಿಸಿ ಬಿಸಿಯಲ್ಲಿ ಕಲಸುತ್ತಾರೆ. ಈ ಮಿಶ್ರಣ ಕರಗಿ ಅಚ್ಚಿನಿಂದ ಕೊಳವೆಯಾಗಿ ಹೊರಬಂದು ನೀರಿನ ತೊಟ್ಟಿಯಲ್ಲಿ ತಣಿಯುತ್ತದೆ. ಅದರ ಮೇಲೆ ನೂಲು ಸುತ್ತುವ ಯಂತ್ರ ಜಾಲ ಹೊದಿಸುತ್ತದೆ. ಮತ್ತೆ ಬಿಸಿ ಮಾಡಿ ಇನ್ನೊಂದು ಅಚ್ಚಿನ ಮೂಲಕ ಹಾಯಿಸಿದಾಗ ಹೊರಪದರ ಕೂರುತ್ತದೆ.

ಗುಣಮಟ್ಟ ತೀರ್ಮಾನವಾಗುವ ಜಾಗ ಇದು. ಒಳಪದರ ಹೊರಪದರ ಎರಡೂ ನೂಲಿನ ಕಣ್ಣುಗಳ ಮೂಲಕ ಒಂದಕ್ಕೊಂದು ಬೆಸೆದುಕೊಳ್ಳಬೇಕು. ಬೆಸುಗೆ ಸಡಿಲವಾದರೆ ಬಾಗಿದ ಕಡೆ ಒಳಪದರ ಬಿಟ್ಟುಕೊಂಡು ತಾನೊಂದೇ ಮಡಚುತ್ತದೆ; ಹೊರಗೆ ಏನೂ ಕಾಣದಿದ್ದರೂ ನೀರು ಬರುವುದಿಲ್ಲ. ಗೋಡೆ ಒಂದು ಬದಿಗೆ ತೆಳುವಾದರೆ ಮಡಿಕೆ ಅಲ್ಲಿಯೇ ಬೀಳುತ್ತದೆ. ಬೆಲೆ ಇಳಿಸಲು ಸುಣ್ಣಕಲ್ಲಿನ ಪುಡಿಯನ್ನೂ ಹಳೆಯ ಪ್ಲಾಸ್ಟಿಕ್ಕನ್ನೂ ಅತಿಯಾಗಿ ಬೆರೆಸಿದರೆ ಪೈಪು ಬೇಗ ಸೆಡೆತು ಬಿರುಕು ಬಿಡುತ್ತದೆ.

ಬಾಗುವಿಕೆಯ ಪರೀಕ್ಷೆಗೆ ಐಎಸ್‌ಒ 10619 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಪೈಪನ್ನು ಗೊತ್ತಾದ ತ್ರಿಜ್ಯಕ್ಕೆ ಬಗ್ಗಿಸಿ, ಅತಿ ಚಪ್ಪಟೆಯಾದ ಜಾಗದ ಅಳತೆಯನ್ನು ಮೂಲ ವ್ಯಾಸಕ್ಕೆ ಹೋಲಿಸಿ ನೋಡುತ್ತಾರೆ.

ಸುತ್ತಲೂ ಗಟ್ಟಿ ಮಾಡಲು ನೂಲಿಗಿಂತ ಬಲವಾದ ದಾರಿಯೂ ಇದೆ. ಪಂಪಿನ ಸಕ್ಷನ್ ಪೈಪಿನ ಮೆದು ಗೋಡೆಯೊಳಗೆ ಗಡಸು ಪಿವಿಸಿಯ ಸುರುಳಿ ಹುದುಗಿರುತ್ತದೆ. ಒಳಗಿನ ಗಾಳಿ ಎಳೆದುಕೊಂಡರೂ ಅದು ಕುಸಿಯದು, ಬಾಗಿಸಿದರೂ ಮಡಚದು. ಕೈತೋಟಕ್ಕೆ ಅದು ಭಾರವೆಂದು ತಯಾರಕರು ಏಣುಗಳಿರುವ ಹೊರಮೈ, ದಪ್ಪನೆಯ ಮೆದು ಪದರ, ರಬ್ಬರು ಮತ್ತು ಪಿವಿಸಿಯ ಮಿಶ್ರಣ ಇವುಗಳಿಂದ ಅದೇ ಫಲ ಪಡೆಯಲು ನೋಡುತ್ತಾರೆ. ಪೈಪನ್ನು ನಲ್ಲಿಗೆ ಜೋಡಿಸುವ ತೊಡಕನ್ನು ಬಿಡಿಸಿದ್ದು ಜರ್ಮನಿಯ ಉಲ್ಮ್ ಪಟ್ಟಣದಲ್ಲಿ 1961ರಲ್ಲಿ ಶುರುವಾದ ಗಾರ್ಡೆನಾ ಕಂಪನಿ. ಒತ್ತಿದರೆ ಕೂರುವ, ಎಳೆದರೆ ಬಿಡುವ ಅದರ ಪ್ಲಾಸ್ಟಿಕ್ ಜೋಡಣೆ 1968ರಲ್ಲಿ ಬಂತು. ಇಂದು ಹತ್ತಾರು ಕಂಪನಿಗಳು ಆ ಮಾದರಿಯಲ್ಲೇ ಜೋಡಣೆ ಮಾಡುತ್ತಿವೆ.

ನಮ್ಮ ನಲ್ಲಿ, ನಮ್ಮ ಬಿಸಿಲು

ಪೈಪಿನೊಳಗಿನ ನೀರಿನ ಒತ್ತಡವೂ ಅದನ್ನು ದುಂಡಗಿಡಲು ನೆರವಾಗುತ್ತದೆ. ನಮ್ಮ ಬಹುಪಾಲು ಮನೆಗಳಲ್ಲಿ ಈ ನೆರವು ತೀರ ಕಡಿಮೆ. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ಮಹಡಿಯ ಮೇಲಿನ ಟ್ಯಾಂಕು ಆರೇಳು ಮೀಟರ್ ಎತ್ತರದಲ್ಲಿದ್ದರೆ ಅಂಗಳದ ನಲ್ಲಿಯಲ್ಲಿ ಅದಕ್ಕಿಂತಲೂ ಕಡಿಮೆ. ಹೀಗಾಗಿ ಪೈಪಿನ ಗೋಡೆಯೇ ತನ್ನ ಆಕಾರವನ್ನು ಕಾಯ್ದುಕೊಳ್ಳಬೇಕು. ಟ್ಯಾಂಕಿನ ನೀರು ಬಳಸುವವರಿಗೆ ಪೈಪಿನ ಮೇಲೆ ಬರೆದ ಒತ್ತಡದ ಅಂಕಿಗಿಂತ ಗೋಡೆಯ ದಪ್ಪ ಮುಖ್ಯ.

ಮಲೆನಾಡು, ಕರಾವಳಿಯ ಅಡಿಕೆ ತೋಟದಲ್ಲಿ ಚಿತ್ರ ತಿರುವುಮುರುವು. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದರು. ಇಂದು ಆ ಔಷಧಿಯನ್ನು ಗೊನೆಯವರೆಗೆ ಒಯ್ಯುವ ಪಂಪಿನ ಒತ್ತಡ ಮನೆಯ ನಲ್ಲಿಯದಕ್ಕಿಂತ ಹತ್ತಾರು ಪಟ್ಟು. ಮಡಿಕೆ ಬಿದ್ದು ಬಲ ಕಳೆದುಕೊಂಡ ಜಾಗ ಅಲ್ಲಿ ಒಡೆದರೆ ಕೆಲಸ ಮಾಡುವವರ ಮೈಮುಖಕ್ಕೆ ಔಷಧಿ ಚಿಮ್ಮುತ್ತದೆ. ಔಷಧಿ ಪೈಪಿನಲ್ಲಿ ಬಿಳಿಚಿಕೊಂಡ ಮಡಿಕೆ ಕಂಡರೆ ಆ ಭಾಗವನ್ನು ಕತ್ತರಿಸಿ ಜಾಯಿಂಟ್ ಹಾಕುವುದೇ ಸರಿ.

ಬಿಸಿಲು ಎಲ್ಲ ಪೈಪುಗಳಿಗೂ ಶತ್ರು. ಬಿಸಿಯಾದ ಪಿವಿಸಿ ಮೆತ್ತಗಾಗಿ ಸುಲಭವಾಗಿ ಚಪ್ಪಟೆಯಾಗುತ್ತದೆ, ತಾಳುವ ಒತ್ತಡವೂ ಇಳಿಯುತ್ತದೆ. ವರ್ಷಗಳು ಕಳೆದಂತೆ ಮೆದುಗೊಳಿಸುವ ದ್ರವ ಹೊರಟುಹೋಗಿ ಪೈಪು ಬಿರುಸಾಗುತ್ತದೆ. ಪಾರದರ್ಶಕ ಪೈಪಿನೊಳಗೆ ಬೆಳಕು ಬಿದ್ದು ಪಾಚಿ ಕಟ್ಟುತ್ತದೆ. ಕಪ್ಪು ಅಥವಾ ಗಾಢ ಬಣ್ಣದ ಹೊರಪದರ ಪಾಚಿಯನ್ನು ತಡೆಯುತ್ತದೆ. ಕಪ್ಪು ಬಣ್ಣಕ್ಕೆ ಬೆರೆಸುವ ಮಸಿ ಬಿಸಿಲಿನ ಹಾನಿಯನ್ನೂ ತಗ್ಗಿಸುತ್ತದೆ.

ಕೊಳ್ಳುವಾಗ, ಬಳಸುವಾಗ

ಅಂಗಡಿಯಲ್ಲಿ ಪೈಪಿನ ಕತ್ತರಿಸಿದ ತುದಿಯನ್ನು ನೋಡಿ: ಗೋಡೆ ಸುತ್ತಲೂ ಒಂದೇ ದಪ್ಪವಿರಬೇಕು, ಪದರಗಳು ಉಗುರಿಗೆ ಬಿಟ್ಟುಕೊಳ್ಳಬಾರದು. ತುಂಡೊಂದನ್ನು ನಿಧಾನವಾಗಿ ಬಗ್ಗಿಸಿ, ಎಷ್ಟು ಸಣ್ಣ ತಿರುವಿನವರೆಗೆ ದುಂಡಗಿರುತ್ತದೆ ನೋಡಿ. ಅಗತ್ಯಕ್ಕಿಂತ ದೊಡ್ಡದು ಬೇಡ. ಅರ್ಧ ಇಂಚಿನ 30 ಮೀಟರ್ ಪೈಪಿನಲ್ಲಿ ಸುಮಾರು ಮೂರೂಮುಕ್ಕಾಲು ಲೀಟರ್ ನೀರು ನಿಂತರೆ, ಮುಕ್ಕಾಲು ಇಂಚಿನದರಲ್ಲಿ ಎಂಟೂವರೆ ಲೀಟರ್. ಆ ಭಾರವನ್ನೆಲ್ಲ ನಾವೇ ಎಳೆಯಬೇಕು.

ಪೈಪು ನಲ್ಲಿಯ ಬುಡದಲ್ಲೇ ಹೆಚ್ಚಾಗಿ ಮಡಚುವುದು, ತನ್ನ ಭಾರಕ್ಕೆ ಅಲ್ಲಿಂದ ಜೋತುಬೀಳುವ ಕಾರಣ. ಕೆಳಮುಖವಾದ ಬಾಗು ಜೋಡಣೆಯಾಗಲಿ, ಸುತ್ತುತಂತಿಯ ಸ್ಪ್ರಿಂಗಾಗಲಿ ಅಲ್ಲಿ ಹಾಕಿದರೆ ಪೈಪಿನ ಆಯಸ್ಸು ಹೆಚ್ಚುತ್ತದೆ. ಸುತ್ತಿಡುವಾಗ ಒಂದೇ ದಿಕ್ಕಿಗೆ ಸುತ್ತಿದರೆ ನುಲಿಕೆ ತುಂಬಿಕೊಳ್ಳುತ್ತದೆ. 8ರ ಆಕಾರದಲ್ಲಿ ಮಡಗಿದರೆ ಒಂದು ಸುತ್ತಿನ ನುಲಿಕೆಯನ್ನು ಇನ್ನೊಂದು ಕಳೆಯುತ್ತದೆ. ಮೊಳೆಗೆ ನೇತುಹಾಕಬೇಡಿ, ಅಗಲವಾದ ಆಸರೆ ಕೊಟ್ಟು ನೆರಳಲ್ಲಿಡಿ. ಮಡಿಕೆ ಬಿದ್ದಾಗ ಜಗ್ಗಬೇಡಿ, ಹತ್ತಿರ ಹೋಗಿ ಬಿಡಿಸಿ. ಒಮ್ಮೆ ಗೆರೆ ಮೂಡಿದ ಜಾಗ ಮತ್ತೆ ಮತ್ತೆ ಅಲ್ಲೇ ಮಡಚುತ್ತದೆ. ಮಾಮೂಲಿ ತೋಟದ ಪೈಪಿನ ನೀರನ್ನು ಕುಡಿಯಲು ಬಳಸಬೇಡಿ. ಅದರ ಪ್ಲಾಸ್ಟಿಕ್ ಕುಡಿಯುವ ನೀರಿಗೆಂದು ತಯಾರಾದದ್ದಲ್ಲ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಗಿಡಕ್ಕೆ ಹಾಕುವ ಪ್ರತಿ ಬಿಂದಿಗೆಗೂ ಲೆಕ್ಕ ಬಂದಿರುವ ಕಾಲ ಇದು. ಸೋರುವ ಪೈಪು ಆ ಲೆಕ್ಕವನ್ನು ಕೆಡಿಸುತ್ತದೆ. ಪಿವಿಸಿಯೂ ನೂಲೂ ಬೆಸೆದುಕೊಂಡ ಪೈಪನ್ನು ಬೇರ್ಪಡಿಸಿ ಮರುಬಳಸುವುದು ಕಷ್ಟ, ಎಸೆದದ್ದು ಕಸದ ಗುಡ್ಡೆ ಸೇರುತ್ತದೆ. ಆದ್ದರಿಂದ ವರ್ಷಕ್ಕೊಂದು ಅಗ್ಗದ ಪೈಪು ಕೊಂಡು ಎಸೆಯುವ ಬದಲು ಗೋಡೆ ದಪ್ಪವಿರುವ, ಹೆಣಿಗೆ ಸರಿಯಿರುವ ಒಂದನ್ನು ಕೊಂಡು ಜೋಪಾನ ಮಾಡಿ. ನೀರೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.