‘ಎದ್ದೇಳದಿದ್ರೆ?’ ಅಂತ ಅಮ್ಮ ಕೇಳಿದ್ರು

ಮುಧೋಳ ತಳಿಯ ನಮ್ಮ ಚಿನ್ನಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕಿತ್ತು. ಅರಿವಳಿಕೆ ಕೊಡ್ತಾರೆ ಅಂದ ಕೂಡಲೇ ಅಮ್ಮನ ಮುಖ ಸಪ್ಪಗಾಯ್ತು. ‘ಎದ್ದೇಳದಿದ್ರೆ?’

ಅದೇ ಪ್ರಶ್ನೆಯನ್ನ ಡಾಕ್ಟರ್ ಮುಂದಿಟ್ಟೆ. ‘ಕೇಳಿದ್ದು ಒಳ್ಳೇದಾಯ್ತು’ ಅಂದ್ರು. ಗ್ರೇಹೌಂಡ್, ಮುಧೋಳದಂಥ ಸಪೂರ ಬೇಟೆನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಥಯೋಪೆಂಟೋನ್ ಎಂಬ ಹಳೆಯ ಔಷಧವನ್ನು ಗ್ರೇಹೌಂಡ್‌ಗಳ ಯಕೃತ್ತು ತುಂಬ ನಿಧಾನವಾಗಿ ಹೊರಹಾಕುತ್ತೆ. ಎಚ್ಚರವಾಗೋಕೆ ಗಂಟೆಗಟ್ಟಲೆ ಬೇಕು. ಅದಕ್ಕೇ ಚಿನ್ನಿಗೆ ಪ್ರೊಪೊಫಾಲ್ ಕೊಟ್ಟು, ಐಸೋಫ್ಲುರೇನ್ ಅನಿಲದಲ್ಲಿ ಮುಂದುವರಿಸಿದರು. ಪಗ್ ಆಗಿದ್ರೆ ಉಸಿರಾಟದ್ದೇ ಚಿಂತೆ. ಕೋಲಿ ತಳಿಯ ಹಲವು ನಾಯಿಗಳಲ್ಲಿ ಒಂದು ಜೀನ್ ದೋಷವಿದ್ದು, ಕೆಲವು ಔಷಧಗಳ ಅಮಲು ವಿಪರೀತ ಏರುತ್ತೆ.

2008ರಲ್ಲಿ ಪ್ರಕಟವಾದ ಬ್ರಿಟನ್ ಅಧ್ಯಯನದಲ್ಲಿ, ಆರೋಗ್ಯವಂತ ನಾಯಿಗಳ ಪೈಕಿ ಸತ್ತದ್ದು ಸುಮಾರು 2,000ಕ್ಕೆ ಒಂದು. ಆದರೆ ಒಟ್ಟು ಸಾವುಗಳಲ್ಲಿ ಅರ್ಧದಷ್ಟು ಆಪರೇಷನ್ ಮುಗಿದ ಮೇಲೆ ಆದವು, ಅದರಲ್ಲೂ ಹೆಚ್ಚಿನವು ಮೊದಲ 3 ಗಂಟೆಯೊಳಗೆ.

ಹಾಗಾಗಿ ‘ಸಂಜೆ ಬಂದು ಕರ್ಕೊಂಡ್ಹೋಗಿ’ ಅಂದ್ರೂ ನಾನು ಕದಲಲಿಲ್ಲ. ತೆಳ್ಳನೆ ಮೈ ಬೇಗ ತಣ್ಣಗಾಗುತ್ತಂತೆ. ಕಂಬಳಿ ಹೊದಿಸಿ, ಉಸಿರು ನೋಡ್ತಾ ಕೂತೆ.

ನೀವೂ ಮೊದಲೇ ಕೇಳಿ: ರಕ್ತ ಪರೀಕ್ಷೆ ಆಯ್ತಾ? ತೂಕ ಇವತ್ತೇ ನೋಡಿದ್ರಾ? ಎಚ್ಚರವಾಗೋ ತನಕ ಪಕ್ಕದಲ್ಲಿ ಯಾರಿರ್ತಾರೆ?

ಚಿನ್ನಿ ಕಣ್ಣು ಬಿಟ್ಟಳು. ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.