ಬಿರುಗಾಳಿಯನ್ನು ಕಾಯುವ ದಿನಗಳ ಲೆಕ್ಕಾಚಾರ

ಪ್ರಕೃತಿ ವಿಕೋಪಗಳ ಪೈಕಿ ಚಂಡಮಾರುತವು ಒಂದು ವಿಷಯದಲ್ಲಿ ಉದಾರಿ. ಭೂಕಂಪವು ಕ್ಷಣಮಾತ್ರದ ಸೂಚನೆಯನ್ನೂ ನೀಡದೆ ಎರಗುತ್ತದೆ. ಚಂಡಮಾರುತವಾದರೋ ಹಲವು ದಿನ ಮೊದಲೇ ಕಡಲಿನ ಮೇಲೆ ಕಾಣಿಸಿಕೊಂಡು, ತನ್ನ ವೇಗವನ್ನೂ ದಿಕ್ಕನ್ನೂ ತೋರುತ್ತಾ ಬರುತ್ತದೆ. ಎಲ್ಲಿ, ಯಾವಾಗ ದಡ ಸೇರುವುದೆಂಬುದು ಮಾತ್ರ ಕೊನೆಯವರೆಗೂ ಖಚಿತವಾಗುವುದಿಲ್ಲ. ಈ ನಡುವಣ ದಿನಗಳಲ್ಲಿ ಕರಾವಳಿಯ ವರ್ತಕನು ಏನನ್ನು ಮಾಡಬಲ್ಲನು, ಏನನ್ನು ಮಾಡಲಾರನು ಎಂಬುದನ್ನು ಅರಿಯಲು ಅಮೆರಿಕದ ಫ್ಲಾರಿಡಾ ರಾಜ್ಯದ 2004ನೇ ಇಸವಿಯ ಅನುಭವಕ್ಕಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ. ಆ ವರ್ಷ ಸುಮಾರು ಆರು ವಾರಗಳ ಅವಧಿಯಲ್ಲಿ ಚಾರ್ಲಿ, ಫ್ರಾನ್ಸಿಸ್, ಐವನ್ ಮತ್ತು ಜೀನ್ ಎಂಬ ನಾಲ್ಕು ಚಂಡಮಾರುತಗಳು ಆ ರಾಜ್ಯವನ್ನು ಬಾಧಿಸಿದವು.

ನಕ್ಷೆಯ ಮೇಲಿನ ಗೆರೆ

ಆಗಸ್ಟ್ 13ರಂದು ಚಾರ್ಲಿಯು ಪಶ್ಚಿಮ ಕರಾವಳಿಯ ಟ್ಯಾಂಪಾ ನಗರದತ್ತ ಸಾಗುವುದೆಂದು ನಿರೀಕ್ಷಿಸಲಾಗಿತ್ತು. ಆದರೆ ಅದು ಹಠಾತ್ತನೆ ಬಲಗೊಂಡು, ಮೊದಲೇ ಬಲಕ್ಕೆ ಹೊರಳಿ, ಗಂಟೆಗೆ ಸುಮಾರು 240 ಕಿ.ಮೀ. ವೇಗದ ಗಾಳಿಯೊಡನೆ ದಕ್ಷಿಣದ ಪುಂಟಾ ಗೋರ್ಡಾ ಪಟ್ಟಣದ ಬಳಿ ಅಪ್ಪಳಿಸಿತು. ಹವಾಮಾನ ನಕ್ಷೆಯಲ್ಲಿ ಚಂಡಮಾರುತದ ಸಂಭಾವ್ಯ ಹಾದಿಯನ್ನು ಅಗಲವಾಗುತ್ತಾ ಹೋಗುವ ಪಟ್ಟಿಯಾಗಿ ತೋರಿಸಲಾಗುತ್ತದೆ. ಪುಂಟಾ ಗೋರ್ಡಾ ಆ ಪಟ್ಟಿಯೊಳಗೇ ಇತ್ತು, ಎಚ್ಚರಿಕೆಯ ವ್ಯಾಪ್ತಿಯಲ್ಲೂ ಇತ್ತು. ಆದರೆ ಅನೇಕರು ನೋಡಿದ್ದು ಪಟ್ಟಿಯ ನಡುವಿನ ಸಪೂರ ಗೆರೆಯನ್ನು. ಗೆರೆ ತಮ್ಮೂರಿನ ಮೇಲೆ ಹಾದಿಲ್ಲವೆಂದು ನಿಶ್ಚಿಂತರಾದವರಿಗೆ ಸಿದ್ಧತೆಗೆ ಉಳಿದದ್ದು ಕೆಲವೇ ಗಂಟೆಗಳು.

ದೀರ್ಘವಾದ ನಿರೀಕ್ಷೆ

ಎರಡನೆಯದಾದ ಫ್ರಾನ್ಸಿಸ್‌ನ ಸ್ವಭಾವವೇ ಬೇರೆ. ಆಗಸ್ಟ್ ಕೊನೆಯ ವಾರದಲ್ಲಿ ಅಟ್ಲಾಂಟಿಕ್ ಸಾಗರದ ಪೂರ್ವ ಭಾಗದಲ್ಲಿ ಹುಟ್ಟಿದ ಅದು ಫ್ಲಾರಿಡಾದ ಪೂರ್ವ ಕರಾವಳಿಯನ್ನು ಮುಟ್ಟಿದ್ದು ಸೆಪ್ಟೆಂಬರ್ 5ರ ನಡುರಾತ್ರಿಯ ಬಳಿಕ. ಬಹಾಮಾ ದ್ವೀಪಗಳ ಬಳಿ ವೇಗ ತಗ್ಗಿಸಿಕೊಂಡುದರಿಂದ ಜನರ ಕಾಯುವಿಕೆ ಇನ್ನಷ್ಟು ಲಂಬಿಸಿತು. ಚಾರ್ಲಿಯ ನೆನಪು ಹಸಿಯಾಗಿದ್ದುದರಿಂದ ಈ ಬಾರಿ ಯಾರೂ ಉದಾಸೀನ ಮಾಡಲಿಲ್ಲ. ಸುಮಾರು 28 ಲಕ್ಷ ಜನರಿಗೆ ಮನೆ ತೊರೆಯುವಂತೆ ಸೂಚಿಸಲಾಯಿತು. ಕಿಟಕಿಗಳಿಗೆ ಹೊಡೆಯುವ ಪ್ಲೈವುಡ್, ಜನರೇಟರ್, ಬ್ಯಾಟರಿ, ಕುಡಿಯುವ ನೀರು, ಪೆಟ್ರೋಲ್ ಇವುಗಳಿಗಾಗಿ ಸಾಲುಗಳು ಬೆಳೆದವು. ಸೆಪ್ಟೆಂಬರ್ 6ರ ಸೋಮವಾರ ಅಲ್ಲಿನ ಕಾರ್ಮಿಕರ ದಿನದ ರಜೆ. ಕಡಲತೀರದ ಹೋಟೆಲುಗಳು ಭರ್ತಿಯಾಗಬೇಕಿದ್ದ ವಾರಾಂತ್ಯದಲ್ಲಿ ಬಾಗಿಲು ಮುಚ್ಚಿದವು. ಗಾಳಿ ಬೀಸುವ ಮೊದಲೇ ನಷ್ಟದ ಲೆಕ್ಕ ಆರಂಭವಾಗಿತ್ತು.

ಅಗತ್ಯ ವಸ್ತುಗಳಿಗೆ ಬೇಡಿಕೆ ಏರಿದಾಗ ಬೆಲೆಯನ್ನೂ ಏರಿಸುವ ಆಸೆ ಸಹಜ. ಫ್ಲಾರಿಡಾದ ಕಾನೂನು ಇದಕ್ಕೆ ಕಡಿವಾಣ ಹಾಕಿದೆ. ತುರ್ತುಸ್ಥಿತಿ ಘೋಷಣೆಯಾದೊಡನೆ, ಅದಕ್ಕೆ ಹಿಂದಿನ 30 ದಿನಗಳ ಸರಾಸರಿ ಬೆಲೆಯೇ ಅಳತೆಗೋಲಾಗುತ್ತದೆ. ತನಗೇ ವೆಚ್ಚ ಹೆಚ್ಚಿತೆಂದು ತೋರಿಸಲಾಗದೆ ಅದನ್ನು ವಿಪರೀತವಾಗಿ ಮೀರಿ ಮಾರಿದ ವರ್ತಕನು ದಂಡಕ್ಕೆ ಗುರಿಯಾಗುತ್ತಾನೆ.

ಹಳೆಯ ಬಿಲ್ಲುಗಳ ಪಾಠ

ಇದೇ ನಿರೀಕ್ಷೆಯ ದಿನಗಳಲ್ಲಿ ವಾಲ್‌ಮಾರ್ಟ್ ಸಂಸ್ಥೆಯು ಮಾಡಿದ ಕೆಲಸ ವಾಣಿಜ್ಯ ವಲಯದಲ್ಲಿ ಪ್ರಸಿದ್ಧವಾಯಿತು. ಚಾರ್ಲಿ ಬರುವ ಮುನ್ನ ತನ್ನ ಮಳಿಗೆಗಳಲ್ಲಿ ಏನೇನು ಮಾರಾಟವಾಗಿತ್ತೆಂದು ಅದು ತನ್ನ ಕಂಪ್ಯೂಟರುಗಳಲ್ಲಿದ್ದ ಮಾರಾಟದ ದಾಖಲೆಗಳನ್ನು ಶೋಧಿಸಿತು. ಟಾರ್ಚು, ಬ್ಯಾಟರಿಗಳ ಮಾರಾಟ ಯಾರೂ ಊಹಿಸಬಹುದಾದದ್ದು. ಆದರೆ ಸ್ಟ್ರಾಬೆರಿ ಸ್ವಾದದ ಪಾಪ್ ಟಾರ್ಟ್ ಎಂಬ ಸಿಹಿ ತಿನಿಸು ಮಾಮೂಲಿನ ಏಳು ಪಟ್ಟು ಮಾರಾಟವಾಗಿತ್ತು. ಎಲ್ಲಕ್ಕಿಂತ ಹೆಚ್ಚು ಬಿಕರಿಯಾದ ಸರಕು ಬಿಯರ್. ಸಂಸ್ಥೆಯ ಲಾರಿಗಳು ಈ ಸರಕುಗಳನ್ನು ಹೊತ್ತು ಫ್ರಾನ್ಸಿಸ್‌ನ ಹಾದಿಯಲ್ಲಿದ್ದ ಮಳಿಗೆಗಳತ್ತ ಧಾವಿಸಿದವು.

ಇದರಲ್ಲಿ ನಗುವಂಥದ್ದೇನೂ ಇಲ್ಲ. ವಿದ್ಯುತ್ ಹೋದ ಮನೆಯಲ್ಲಿ ಒಲೆ ಹಚ್ಚದೆ, ತಂಪುಪೆಟ್ಟಿಗೆಯ ಹಂಗಿಲ್ಲದೆ, ಮಕ್ಕಳಿಗೆ ಕೊಡಬಹುದಾದ ತಿಂಡಿ ಅದು. ಗಿರಾಕಿಯ ಅಗತ್ಯವನ್ನು ಆತನ ಹಿಂದಿನ ಖರೀದಿಯೇ ಹೇಳುತ್ತದೆ. ಇದಕ್ಕೆ ದೊಡ್ಡ ಕಂಪ್ಯೂಟರೇ ಬೇಕೆಂದಿಲ್ಲ. ಕಳೆದ ಬಾರಿಯ ಮಳೆ, ಪ್ರವಾಹಗಳ ವಾರದ ಬಿಲ್ಲು ಪುಸ್ತಕವನ್ನು ತೆರೆದು ನೋಡಿದರೆ ಸಣ್ಣ ಅಂಗಡಿಯವನಿಗೂ ಅದೇ ತಿಳಿವು ಲಭಿಸೀತು.

ಕಾಯುವಾಗ ಕೊಳ್ಳಲಾಗದ ಸರಕು

ನಿರೀಕ್ಷೆಯ ದಿನಗಳಲ್ಲಿ ಹಣ ಕೊಟ್ಟರೂ ದೊರೆಯದ ಒಂದು ವಸ್ತುವಿದೆ, ಅದು ವಿಮೆ. ಚಂಡಮಾರುತವು ಸಮೀಪಿಸುತ್ತಿದ್ದಂತೆ ಅಮೆರಿಕದ ವಿಮಾ ಕಂಪನಿಗಳು ಆ ಪ್ರದೇಶದಲ್ಲಿ ಹೊಸ ಪಾಲಿಸಿ ನೀಡುವುದನ್ನು ನಿಲ್ಲಿಸುತ್ತವೆ. ಅಲ್ಲಿ ಸಾಮಾನ್ಯ ಗೃಹವಿಮೆಯು ಪ್ರವಾಹದ ಹಾನಿಯನ್ನು ಭರಿಸುವುದಿಲ್ಲ. ಅದಕ್ಕಾಗಿ 1968ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆಯುಂಟು. ಆದರೆ ಆ ಪಾಲಿಸಿಯು ಸಾಮಾನ್ಯವಾಗಿ ಜಾರಿಗೆ ಬರುವುದು 30 ದಿನಗಳ ನಂತರ. ಫ್ರಾನ್ಸಿಸ್ ಹುಟ್ಟಿ ದಡ ಸೇರಲು ಹಿಡಿದದ್ದು ಎರಡು ವಾರಕ್ಕೂ ಕಡಿಮೆ. ಅದು ಹುಟ್ಟಿದ ದಿನವೇ ಎಚ್ಚೆತ್ತು ಪಾಲಿಸಿ ಮಾಡಿಸಿದ್ದವನಿಗೂ ಪರಿಹಾರ ಸಿಗುತ್ತಿರಲಿಲ್ಲ.

ಪಾಲಿಸಿ ಇದ್ದವರಿಗೂ ಇನ್ನೊಂದು ಪೆಟ್ಟು ಕಾದಿತ್ತು. 1992ರ ಆಂಡ್ರ್ಯೂ ಚಂಡಮಾರುತದಲ್ಲಿ ಹಲವು ವಿಮಾ ಕಂಪನಿಗಳು ದಿವಾಳಿಯಾದ ತರುವಾಯ, ಚಂಡಮಾರುತದ ಹಾನಿಯಲ್ಲಿ ಮೊದಲ ಪಾಲನ್ನು ವಿಮಾದಾರನೇ ಭರಿಸಬೇಕೆಂಬ ಷರತ್ತು ಬಂದಿತ್ತು. ಬಹುವಾಗಿ ಅದು ವಿಮಾ ಮೊತ್ತದ ಶೇ. 2, ಅಂದರೆ ಒಂದು ಲಕ್ಷ ಡಾಲರ್ ವಿಮೆಗೆ ಎರಡು ಸಾವಿರ ಡಾಲರ್. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಜೀನ್ ಚಂಡಮಾರುತವು ಫ್ರಾನ್ಸಿಸ್ ಅಪ್ಪಳಿಸಿದ ತಾಣಕ್ಕೇ, ಹೆಚ್ಚು ಕಡಿಮೆ ಅದೇ ಜಾಗಕ್ಕೆ, ಬಂದು ಬಡಿಯಿತು. ಮೂರು ವಾರಗಳ ಅಂತರದಲ್ಲಿ ಎರಡು ಬಾರಿ ಹಾನಿಗೊಂಡವರು ಆ ಪಾಲನ್ನು ಎರಡು ಬಾರಿ ತೆರಬೇಕಾಯಿತು. ಕೂಗೆದ್ದ ಮೇಲೆ, ವರ್ಷಕ್ಕೆ ಒಂದೇ ಬಾರಿ ಎಂದು ರಾಜ್ಯವು 2005ರಿಂದ ಜಾರಿಗೆ ಬರುವಂತೆ ಕಾನೂನನ್ನು ತಿದ್ದಿತು. ಷರತ್ತು ಮೊದಲಿನಿಂದಲೂ ಪಾಲಿಸಿಯಲ್ಲೇ ಇತ್ತು. ಅದನ್ನು ಓದಿದವರು ವಿರಳ.

ಗಂಟೆಗಳ ಕ್ರಮ

ಅಮೆರಿಕದ ಬಂದರುಗಳು ಕಾಯುವ ಅವಧಿಯನ್ನು 72, 48, 24 ಮತ್ತು 12 ಗಂಟೆಗಳೆಂದು ನಾಲ್ಕು ಹಂತಗಳಾಗಿ ವಿಭಜಿಸಿ, ಹಡಗು ಯಾವಾಗ ಹೊರಡಬೇಕು, ಸರಕಿನ ಕೆಲಸ ಯಾವಾಗ ನಿಲ್ಲಬೇಕು ಎಂಬುದನ್ನು ಮೊದಲೇ ನಿಗದಿಪಡಿಸಿವೆ. ಆಯಾ ಗಂಟೆ ಬಂದಾಗ ಚರ್ಚೆಗೆ ಎಡೆಯಿಲ್ಲ. ಭಾರತೀಯ ಹವಾಮಾನ ಇಲಾಖೆಯ ಚಂಡಮಾರುತ ಸೂಚನೆಗಳೂ ಇದೇ 72, 48, 24, 12 ಗಂಟೆಗಳ ಕ್ರಮದಲ್ಲಿವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ಗುಜರಾತಿನಲ್ಲಿ ದಡ ಸೇರಿತಾದರೂ, ಹಾದಿಯಲ್ಲಿ ಕರ್ನಾಟಕದ ಕರಾವಳಿಯ ಮನೆಗಳನ್ನೂ ದೋಣಿಗಳನ್ನೂ ಹಾಳುಗೆಡವಿ ಹೋಯಿತು. ಗೆರೆ ನಮ್ಮ ಮೇಲೆ ಹಾದಿಲ್ಲವೆಂಬುದು ಸಮಾಧಾನದ ಮಾತಲ್ಲವೆಂದು ಅದೂ ತೋರಿಸಿತು.

ಆದುದರಿಂದ ನಮ್ಮ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ತಮ್ಮದೇ ಆದ ನಾಲ್ಕು ಸಾಲಿನ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿಡುವುದು ಲೇಸು. 72 ಗಂಟೆಗೆ ದಾಸ್ತಾನಿನ ಎಣಿಕೆ ಮತ್ತು ಛಾಯಾಚಿತ್ರ. 48ಕ್ಕೆ ನೆಲದ ಮೇಲಿನ ಸರಕನ್ನು ಎತ್ತರಕ್ಕೆ ಏರಿಸುವುದು. 24ಕ್ಕೆ ಯಂತ್ರ ನಿಲ್ಲಿಸಿ, ಲೆಕ್ಕಪತ್ರಗಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸುವುದು. 12ಕ್ಕೆ ಕೆಲಸಗಾರರೆಲ್ಲರನ್ನೂ ಮನೆಗೆ ಕಳುಹಿಸಿ ಬೀಗ ಹಾಕುವುದು. ವಿಮೆಯ ವಿಷಯ ಈ ಪಟ್ಟಿಯಲ್ಲಿ ಸೇರುವುದಿಲ್ಲ. ಅದರ ಕಾಲ ಇನ್ನೂ ಮುಂಚಿನದು. 2021ರ ಏಪ್ರಿಲ್‌ನಿಂದ ನಮ್ಮಲ್ಲಿ ಐದು ಕೋಟಿ ರೂಪಾಯಿವರೆಗಿನ ಆಸ್ತಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಐದರಿಂದ ಐವತ್ತು ಕೋಟಿಯವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ ಎಂಬ ಏಕರೂಪದ ಪಾಲಿಸಿಗಳು ಬಂದಿದ್ದು, ಬಿರುಗಾಳಿ ಮತ್ತು ಪ್ರವಾಹದ ಹಾನಿ ಅವುಗಳ ವ್ಯಾಪ್ತಿಗೆ ಒಳಪಡುತ್ತದೆ. ತಮ್ಮ ಪಾಲಿಸಿಯ ಮೊತ್ತವು ಇಂದಿನ ದಾಸ್ತಾನಿಗೆ ಸರಿಹೊಂದುವುದೇ, ತಾವೇ ಭರಿಸಬೇಕಾದ ಪಾಲೆಷ್ಟು ಎಂಬುದನ್ನು ಆಕಾಶ ತಿಳಿಯಾಗಿರುವಾಗಲೇ ಓದಿ ತಿಳಿಯತಕ್ಕದ್ದು. ಮೋಡ ಕವಿದ ಮೇಲೆ ಓದಿದ ಷರತ್ತನ್ನು ತಿದ್ದಿಸಿಕೊಳ್ಳಲು ವೇಳೆ ಇರುವುದಿಲ್ಲ.